ಉರುಳಿಗೆ ಸಿಕ್ಕ ಕಾಟಿಗೆ ಮಂಪರು ಕೊಟ್ಟದ್ದು: ದೇಲಂಪಾಡಿ ಕಡೆಯ ಒಂದು ಪ್ರಕರಣ

ಫೋನು ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ. "ಡಾಕ್ಟ್ರೇ, ತೋಟದ ಕೆಳಬದಿಯಲ್ಲಿ ಕಾಟಿ ನಿಂತಿದೆ. ಓಡಿಸಿದರೂ ಹೋಗುವುದಿಲ್ಲ. ಕಾಲಲ್ಲಿ ಏನೋ ತಂತಿ ಉಂಟು." ಕಾಟಿ ಅಂದರೆ ಕಾಡುಕೋಣ.

ನಾನು ಕಾಸರಗೋಡಿನ ಗಡಿ ಭಾಗದ ಮೃಗಾಸ್ಪತ್ರೆಗಳಲ್ಲಿ ತುಂಬ ವರ್ಷ ಕೆಲಸ ಮಾಡಿದವನು. ದನ, ಆಡು, ನಾಯಿ ನೋಡಿದವನು. ಕಾಡುಪ್ರಾಣಿಗೆ ಮಂಪರು ಕೊಡುವುದು ನನ್ನ ಕೆಲಸ ಅಲ್ಲ, ಅದಕ್ಕೆ ಅರಣ್ಯ ಇಲಾಖೆಯ ಪಶುವೈದ್ಯರು ಬೇರೆ ಇದ್ದಾರೆ. ಆದರೆ ಅವರು ಬರುವವರೆಗೆ ಸ್ಥಳದಲ್ಲಿ ಯಾರಾದರೂ ಇರಬೇಕು, ಬಂದ ಮೇಲೆ ಜೊತೆಗೆ ಒಂದು ಕೈ ಬೇಕು. ಹಾಗಾಗಿ ಈ ಪ್ರಕರಣದಲ್ಲಿ ನಾನು ಎರಡನೇ ವೈದ್ಯ. ಟಿಪ್ಪಣಿ ಪುಸ್ತಕ ನನ್ನ ಕೈಯಲ್ಲಿ ಇದ್ದ ಕಾರಣ ಗಂಟೆ, ನಿಮಿಷ ಎಲ್ಲ ಬರೆದಿಟ್ಟಿದ್ದೇನೆ. ನಾವು ತಪ್ಪಿದ ಕಡೆಯನ್ನೂ ಮುಚ್ಚಿಡದೆ ಬರೆಯುತ್ತೇನೆ, ಯಾಕೆಂದರೆ ಇಂಥದ್ದು ನಮ್ಮ ಕಡೆ ಇನ್ನೂ ನಡೆಯುತ್ತದೆ.

ಜಾಗ ಹೇಗಿದೆ ಅಂತ ಮೊದಲು ಹೇಳಬೇಕು. ದೇಲಂಪಾಡಿ ಪಂಚಾಯತು ಅಂದರೆ ಆ ಬದಿಯಲ್ಲಿ ಸುಳ್ಯ ತಾಲೂಕು, ಮಂಡೆಕೋಲು. ಕಾಟಿಗಳಿಗೆ ಕೇರಳ, ಕರ್ನಾಟಕ ಅಂತ ಗಡಿ ಇಲ್ಲ. ಬೇಸಿಗೆಯಲ್ಲಿ ಮೇಲಿನ ಕಾಡು ಒಣಗಿದಾಗ ಅಡಿಕೆ ತೋಟದ ಹಸಿ ಹುಲ್ಲಿಗೆ, ತೋಡಿನ ನೀರಿಗೆ ಇಳಿಯುತ್ತವೆ. ಈ ತೋಟ ಮೂರು ಮೆಟ್ಟಿಲಾಗಿ ಇಳಿದು ತೋಡಿಗೆ ಸೇರುತ್ತದೆ. ಮೇಲೆ ಗೇರು ಗುಡ್ಡೆ, ಅದರ ಆಚೆ ರಬ್ಬರ್. ತೋಟದ ಎಡಕ್ಕೆ ಮಳೆನೀರು ನಿಲ್ಲಿಸಲು ಪ್ಲಾಸ್ಟಿಕ್ ಹಾಳೆ ಹಾಸಿದ ಕೆರೆ, ಆಳ ಹತ್ತು ಅಡಿ. ಕೆಳಗೆ ತೋಡಿಗೆ ಕಟ್ಟ ಕಟ್ಟಿ ನಿಲ್ಲಿಸಿದ ನೀರು. ಬಲಕ್ಕೆ ಮುರಕಲ್ಲಿನ ಬರೆ, ಅದರಲ್ಲಿ ಹಳೆ ಸುರಂಗ, ಅಜ್ಜನ ಕಾಲದ್ದು, ಈಗಲೂ ನೀರು ಬರುತ್ತದೆ.

ಹೆಣ್ಣು ಕಾಟಿ. ಐದಾರು ವರ್ಷದ್ದು ಇರಬೇಕು, ತೂಕ 450ರಿಂದ 500 ಕಿಲೋ ಅಂತ ಅಂದಾಜು ಮಾಡಿದೆವು. ಎಡಗಡೆ ಮುಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ಗೊರಸಿನ ಮೇಲೆ, ಗಂಟಿಗಿಂತ ಕೆಳಗೆ ತಂತಿ ಬಿಗಿದು ಮಾಂಸದ ಒಳಗೆ ಹೋಗಿತ್ತು. ತಂತಿಯ ಬಾಲಕ್ಕೆ ಒಂದು ಮುರಿದ ಗೂಟ ಇನ್ನೂ ನೇತಾಡುತ್ತಿತ್ತು. ಕಾಡುಹಂದಿಗೆ ಇಟ್ಟ ಉರುಳು. ಗಾಯ ನಾಲ್ಕೈದು ದಿನದ್ದು, ದೂರದಿಂದಲೇ ವಾಸನೆ, ಹುಳ ಬಿದ್ದಿದ್ದು ದುರ್ಬೀನಿನಲ್ಲಿ ಕಾಣುತ್ತಿತ್ತು. ಹಿಂಡಿನ ಉಳಿದ ಐದು ಕಾಟಿಗಳು ಗೇರು ಗುಡ್ಡೆಯಲ್ಲೇ ಇದ್ದವು. ಬಿಟ್ಟು ಹೋಗಿರಲಿಲ್ಲ.

ಹನ್ನೆರಡು ಗಂಟೆಗೆ ಅಲ್ಲಿ ಇನ್ನೂರು ಜನ.

ಮೊದಲ ದಿನ ಯಾಕೆ ಡಾರ್ಟ್ ಹಾಕಲಿಲ್ಲ

ಇದನ್ನೇ ಎಲ್ಲರೂ ಕೇಳಿದ್ದು. ಅರಣ್ಯ ಇಲಾಖೆಯ ವೈದ್ಯೆ ಎರಡೂವರೆಗೆ ಬಂದು ಮುಟ್ಟಿದರು. ಗನ್ ಇತ್ತು, ಮದ್ದು ಇತ್ತು, ಇಲಾಖೆಯ ಆರ್‌ಆರ್‌ಟಿ, ಅಂದರೆ ತುರ್ತು ಕಾರ್ಯಾಚರಣೆಯ ತಂಡ ಇತ್ತು, ಮುಖ್ಯ ವನ್ಯಜೀವಿ ವಾರ್ಡನ್ ಅವರ ಅನುಮತಿ ಕೂಡ ಬಂದಿತ್ತು. ಕಾಟಿ ಎದುರಿಗೇ ನಿಂತಿತ್ತು, ಮೂವತ್ತು ಮೀಟರ್ ದೂರದಲ್ಲಿ. ಆದರೂ ಅವರು ದುರ್ಬೀನು ಇಳಿಸಿ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಸರ್, ಇವತ್ತು ಬೇಡ. ಬಾಯಿ ತೆರೆದು ಉಸಿರಾಡ್ತಾ ಇದೆ."

ಡಾರ್ಟ್ ಹಾಕುವುದಕ್ಕೆ ನಮ್ಮ ಕಡೆ ಮಲಯಾಳದಲ್ಲಿ ಮಯಕ್ಕುವೆಡಿ ಅಂತಾರೆ. ವೆಡಿ ಅಂದರೆ ಗುಂಡು. ಆ ಹೆಸರಿನಲ್ಲೇ ಅರ್ಧ ತಪ್ಪು ತಿಳುವಳಿಕೆ ಇದೆ. ಗುಂಡು ಬಿದ್ದರೆ ಪ್ರಾಣಿ ಬೀಳುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಡಾರ್ಟ್ ಅಂದರೆ ಹಾರುವ ಸಿರಿಂಜು, ಅಷ್ಟೇ. ಮದ್ದು ಮಾಂಸಖಂಡದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಬೇಕು. ಅದಕ್ಕೆ ಹತ್ತು ಹದಿನೈದು ನಿಮಿಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಪ್ರಾಣಿ ಏನು ಮಾಡುತ್ತದೆ, ಎಲ್ಲಿಗೆ ಓಡುತ್ತದೆ, ಎಷ್ಟು ಹೆದರಿದೆ ಅನ್ನುವುದರ ಮೇಲೆ ಉಳಿದ ಎಲ್ಲವೂ ನಿಂತಿದೆ. ಹೆದರಿದ ಪ್ರಾಣಿಯ ಮೈಯಲ್ಲಿ ಅಡ್ರಿನಾಲಿನ್ ತುಂಬಿರುತ್ತದೆ, ಅದು ಮಂಪರಿನ ಮದ್ದಿಗೆ ಎದುರಾಗಿ ಕೆಲಸ ಮಾಡುತ್ತದೆ. ಶಾಂತವಾಗಿ ಮೇಯುವ ಕಾಟಿಗೆ ಸಾಕಾಗುವ ಮದ್ದು, ಅಟ್ಟಿಸಿಕೊಂಡ ಕಾಟಿಗೆ ಸಾಕಾಗುವುದಿಲ್ಲ. ಆಗ ಇನ್ನೊಂದು ಡಾರ್ಟ್, ಮತ್ತೊಂದು ಡಾರ್ಟ್. ಕೊನೆಗೆ ಪ್ರಾಣಿ ಸುಸ್ತಾಗಿ ಶಾಂತವಾದಾಗ ಅಷ್ಟೂ ಮದ್ದು ಒಟ್ಟಿಗೆ ಹಿಡಿದುಕೊಳ್ಳುತ್ತದೆ.

ಅದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಮನಸ್ಸಿನಲ್ಲಿ ಇತ್ತು, ಹಿಂದಿನ ವರ್ಷದ್ದು. ನಾಯಿ ಅಟ್ಟಿಸಿಕೊಂಡು ಬಂದ ಒಂದು ಕಡವೆ ನೀರಿಲ್ಲದ ಟ್ಯಾಂಕಿಗೆ ಬಿದ್ದಿತ್ತು. ಮಧ್ಯಾಹ್ನದ ಬಿಸಿಲು, ಸುತ್ತ ಜನ, ಮೇಲಿನಿಂದ ಬೊಬ್ಬೆ. ಡಾರ್ಟ್ ಹಾಕಿ ಎತ್ತಿದೆವು, ಸಣ್ಣ ಗಾಯಕ್ಕೆ ಮದ್ದು ಹಚ್ಚಿದೆವು, ಎದ್ದು ನಡೆದು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಮೂರನೇ ದಿನ ಅರ್ಧ ಕಿಲೋಮೀಟರ್ ದೂರದಲ್ಲಿ ಸತ್ತು ಬಿದ್ದಿತ್ತು. ಕೊಯ್ದು ನೋಡಿದಾಗ ತೊಡೆಯ ಮಾಂಸ ಬೇಯಿಸಿದ ಹಾಗೆ ಬಿಳಿಚಿಕೊಂಡಿತ್ತು, ಮೂತ್ರಚೀಲದಲ್ಲಿ ಕಾಫಿ ಕಷಾಯದ ಬಣ್ಣದ ಮೂತ್ರ. ಇದಕ್ಕೆ ಕ್ಯಾಪ್ಚರ್ ಮಯೋಪತಿ ಅಂತಾರೆ. ವಿಪರೀತ ಓಟ ಮತ್ತು ಹೆದರಿಕೆಯಿಂದ ಮಾಂಸಖಂಡ ಒಳಗೊಳಗೇ ಒಡೆಯುತ್ತದೆ, ರಕ್ತ ಹುಳಿಯಾಗುತ್ತದೆ, ಒಡೆದ ಮಾಂಸದ ಬಣ್ಣದ ಅಂಶ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಲವು ಪ್ರಾಣಿ ಗಂಟೆಯೊಳಗೆ ಸಾಯುತ್ತವೆ, ಕೆಲವು ವಾರಗಳ ನಂತರ. ಗೊರಸಿನ ಪ್ರಾಣಿಗಳಲ್ಲಿ ಇದು ಜಾಸ್ತಿ, ಜಿಂಕೆ ಜಾತಿಯಲ್ಲಂತೂ ತುಂಬ ಜಾಸ್ತಿ. ಬಂದ ಮೇಲೆ ನಂಬಿಕೆ ಇಡಬಹುದಾದ ಚಿಕಿತ್ಸೆ ಇಲ್ಲ. ಬರದ ಹಾಗೆ ನೋಡಿಕೊಳ್ಳುವುದು ಒಂದೇ ದಾರಿ.

ಆ ಕಡವೆಯನ್ನು ಕೊಂದದ್ದು ಮದ್ದು ಅಲ್ಲ. ಅಟ್ಟಿದ್ದು, ಬೊಬ್ಬೆ ಹಾಕಿದ್ದು, ನಡುಮಧ್ಯಾಹ್ನದ ಹೊತ್ತು. ಆ ದಿನ ತಡೆಯಬೇಕಾಗಿದ್ದ ನಾನೂ ತಡೆಯಲಿಲ್ಲ. ಈಗ ಇನ್ನೂರು ಜನರ ಎದುರು ನಿಂತು "ಇವತ್ತು ಇಲ್ಲ, ನಾಳೆ ಬೆಳಿಗ್ಗೆ" ಅಂತ ಆ ವೈದ್ಯೆ ಹೇಳಿದಾಗ, ಜನ ಬೈಯಲು ಶುರು ಮಾಡಿದಾಗ, ನಾನು ಅವರ ಪಕ್ಕ ಹೋಗಿ ನಿಂತೆ. ಮಲಯಾಳದಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ, ತುಳುವಿನಲ್ಲಿ ನಾನು ಹೇಳಿದೆ. "ರಾತ್ರಿ ಸತ್ತರೆ ಯಾರು ಜವಾಬ್ದಾರಿ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾಲ್ಕೈದು ದಿನ ಆ ತಂತಿಯಲ್ಲಿ ಬದುಕಿದ ಪ್ರಾಣಿ ಇನ್ನು ಹದಿನಾಲ್ಕು ಗಂಟೆ ತಡೆಯುತ್ತದೆ, ಆದರೆ ಈ ಬಿಸಿಲಿನಲ್ಲಿ ಈಗ ಮಲಗಿಸಿದರೆ ತಡೆಯುವುದಿಲ್ಲ ಅಂತ ಉತ್ತರ ಕೊಟ್ಟೆ. ಯಾರಿಗೂ ಸಮಾಧಾನ ಆಗಲಿಲ್ಲ.

ರಾತ್ರಿಯ ಕೆಲಸ

ಸಂಜೆ ಆರಕ್ಕೆ ಪೊಲೀಸರು ರಸ್ತೆಯಲ್ಲೇ ಜನರನ್ನು ತಡೆದರು. ತೋಟದ ಯಜಮಾನರಾದ ಭಟ್ಟರು ಪಂಪು ನಿಲ್ಲಿಸಿದರು, ಸ್ಪ್ರಿಂಕ್ಲರ್ ನಿಲ್ಲಿಸಿದರು, ತೋಟದ ಲೈಟು ಆರಿಸಿದರು, ನಾಯಿಯನ್ನು ತಂಗಿಯ ಮನೆಗೆ ಕಳಿಸಿದರು. ಆಮೇಲೆ ಅಡಿಕೆ ಅಂಗಳದಲ್ಲಿ ಕೂತು ನೆಲದ ಮೇಲೆ ಕಡ್ಡಿಯಿಂದ ತೋಟದ ನಕ್ಷೆ ಬರೆದೆವು.

ವೈದ್ಯೆ ಕೇಳಿದ ಮೊದಲ ಪ್ರಶ್ನೆ ಮದ್ದಿನ ಬಗ್ಗೆ ಅಲ್ಲ. "ಭಟ್ರೇ, ಇದು ಓಡಿದರೆ ಎಲ್ಲಿಗೆ ಓಡುತ್ತದೆ?"

ಮಂಪರು ಹತ್ತುವ ಪ್ರಾಣಿ ಇಳಿಜಾರಿಗೆ, ನೀರಿನ ಕಡೆಗೆ ಹೋಗುವುದು ಜಾಸ್ತಿ. ಕಾಲು ತಡವರಿಸುತ್ತದೆ, ತಲೆ ಎತ್ತಲು ಆಗುವುದಿಲ್ಲ, ಮೊಣಕಾಲುದ್ದ ನೀರಿದ್ದರೂ ಮೂಗು ಮುಳುಗಿದರೆ ಮುಗಿಯಿತು. ಈ ತೋಟದಲ್ಲಿ ಅಂಥ ಎರಡು ಜಾಗ ಇದ್ದವು. ಕಟ್ಟದ ಹಲಗೆ ತೆಗೆದು ರಾತ್ರಿಯೇ ನೀರು ಬಿಟ್ಟೆವು. ಭಟ್ಟರು ಒಂದು ಮಾತೂ ಆಡದೆ ಒಪ್ಪಿದರು, ಮಾರ್ಚ್‌ನಲ್ಲಿ ಕಟ್ಟದ ನೀರು ಬಿಡುವುದು ಅಂದರೆ ಏನು ಅಂತ ಅಡಿಕೆ ಬೆಳೆದವರಿಗೆ ಗೊತ್ತು. ಪ್ಲಾಸ್ಟಿಕ್ ಕೆರೆಯನ್ನು ಖಾಲಿ ಮಾಡಲು ಹೊತ್ತಿರಲಿಲ್ಲ. ಅದರ ಬದಿಗೆ ಅಡಕೆ ಸೋಗೆಯನ್ನು ಆಳೆತ್ತರಕ್ಕೆ ಒಟ್ಟಿದೆವು. ಸೋಗೆ ಕಾಟಿಯನ್ನು ತಡೆಯುವುದಿಲ್ಲ, ಆದರೆ ಎದುರಿಗೆ ದಾರಿ ಇಲ್ಲ ಅಂತ ಕಂಡರೆ ತಿರುಗುತ್ತದೆ. ಗುಡ್ಡೆಯ ಕಡೆಯ ದಾರಿ ಮಾತ್ರ ತೆರೆದು ಬಿಟ್ಟೆವು, ಹಿಂಡು ಇರುವ ಬದಿ.

ಯಾವ ಮದ್ದು, ಯಾಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೇ ಇದರಲ್ಲಿ ಕಲಿಯಲು ಜಾಸ್ತಿ ಇತ್ತು.

ದೊಡ್ಡ ಗೊರಸಿನ ಪ್ರಾಣಿಗೆ ಬಲವಾದ ಮದ್ದು ಅಂದರೆ ಎಟಾರ್ಫಿನ್. 1960ರ ಹೊತ್ತಿಗೆ ಬಂದದ್ದು, ಮಾರ್ಫಿನ್ ಜಾತಿಯದ್ದೇ, ಆದರೆ ಅದಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ ಬಲ. ಒಂದೆರಡು ಎಂಎಲ್‌ನಲ್ಲಿ ಆನೆ ಮಲಗುತ್ತದೆ. ಮಧ್ಯಪ್ರದೇಶದ ಕಾನ್ಹಾದಿಂದ ಬಾಂಧವಗಢಕ್ಕೆ 2011-12ರಲ್ಲಿ 50 ಕಾಟಿಗಳನ್ನು ಸಾಗಿಸಿದಾಗ ಬಳಸಿದ್ದು ಇದೇ. ಬೇಗ ಹಿಡಿಯುತ್ತದೆ, ಡೈಪ್ರಿನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ ಕೊಟ್ಟರೆ ಪೂರ್ತಿ ಇಳಿಯುತ್ತದೆ. ಆದರೆ ಉಸಿರನ್ನು ಕಟ್ಟುತ್ತದೆ, ಮತ್ತು ಮನುಷ್ಯನ ಚರ್ಮದ ಗೀರಿಗೆ, ಕಣ್ಣಿಗೆ ಒಂದು ಹನಿ ತಾಗಿದರೂ ಪ್ರಾಣಕ್ಕೆ ಅಪಾಯ. ಅದನ್ನು ತೆರೆಯುವ ಮೊದಲೇ ಮನುಷ್ಯನಿಗೆ ಕೊಡುವ ಪ್ರತಿಮದ್ದು ಸಿರಿಂಜಿನಲ್ಲಿ ತುಂಬಿಸಿ ಇಡಬೇಕು, ಕೊಡಲು ಗೊತ್ತಿರುವವರು ಪಕ್ಕದಲ್ಲಿರಬೇಕು. ಕಾನ್ಹಾದಲ್ಲಿ ದೊಡ್ಡ ತಂಡ ಇತ್ತು, ತಿಂಗಳುಗಟ್ಟಲೆ ತಯಾರಿ ಇತ್ತು. ನಮ್ಮದು ಜಾರುವ ಇಳಿಜಾರು, ಹತ್ತಿರದ ದೊಡ್ಡ ಆಸ್ಪತ್ರೆಗೆ ಒಂದೂವರೆ ಗಂಟೆ. ಆ ಮದ್ದು ವೈದ್ಯೆಯ ಪೆಟ್ಟಿಗೆಯಲ್ಲಿಯೂ ಇರಲಿಲ್ಲ, ಇದ್ದರೂ ಇಲ್ಲಿ ತೆಗೆಯುತ್ತಿರಲಿಲ್ಲ ಅಂದರು.

ಅವರು ಆರಿಸಿದ್ದು ಜೈಲಜಿನ್ ಮತ್ತು ಕೆಟಮಿನ್ ಜೋಡಿ. ಎರಡೂ ಹಳೆಯ ಮದ್ದು, ಎರಡೂ 1962ರಲ್ಲಿ ಹುಟ್ಟಿದ್ದು, ಒಂದು ಜರ್ಮನಿಯಲ್ಲಿ, ಇನ್ನೊಂದು ಅಮೆರಿಕದಲ್ಲಿ. ಜೈಲಜಿನ್ ಮಂಪರು ತರುತ್ತದೆ, ಮಾಂಸ ಸಡಿಲ ಮಾಡುತ್ತದೆ, ನೋವು ಕಡಿಮೆ ಮಾಡುತ್ತದೆ. ಒಂದೇ ಕೊಟ್ಟರೆ ಒಂದು ತೊಂದರೆ: ಮಲಗಿದ ಹಾಗೆ ಕಾಣುವ ಪ್ರಾಣಿ ಒಂದು ಸದ್ದಿಗೆ, ಒಂದು ಮುಟ್ಟಿಗೆ ತಟ್ಟನೆ ಎದ್ದು ಹಾಯಬಹುದು. ಕೆಟಮಿನ್ ಮಿದುಳಿಗೆ ಹೊರಗಿನ ಸಂಬಂಧ ಕಡಿಯುತ್ತದೆ. ಆದರೆ ಅದನ್ನು ಒಂದೇ ಕೊಟ್ಟರೆ ಮೈ ಕಟ್ಟಿಗೆಯಾಗುತ್ತದೆ, ಸೆಟೆತ ಬರುತ್ತದೆ. ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ, ಎರಡನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಾಕು. ಮದ್ದು ಬೆರೆಸುವುದರ ಇಡೀ ತರ್ಕ ಇಷ್ಟೇ.

ಮ್ಯೂನಿಕ್ ನಗರದ ಹೆಲ್ಲಾಬ್ರೂನ್ ಮೃಗಾಲಯದಲ್ಲಿ ವೈದ್ಯರಾಗಿದ್ದ ಹೆನ್ನಿಂಗ್ ವೀಸ್ನರ್ ಇದಕ್ಕೊಂದು ಸರಳ ಲೆಕ್ಕ ಮಾಡಿಟ್ಟರು. 500 ಮಿಲಿಗ್ರಾಂ ಒಣ ಜೈಲಜಿನ್ ಪುಡಿ ಇರುವ ಬಾಟಲಿಗೆ ನೀರಿನ ಬದಲು 4 ಎಂಎಲ್ ಕೆಟಮಿನ್ ಸುರಿಯುವುದು, ಎಂಎಲ್‌ಗೆ 100 ಮಿಲಿಗ್ರಾಂ ಇರುವಂಥದ್ದು. ಆಗ ಒಂದೊಂದು ಎಂಎಲ್‌ನಲ್ಲಿ 125 ಜೈಲಜಿನ್, 100 ಕೆಟಮಿನ್. ಹೆಲ್ಲಾಬ್ರೂನ್ ಮಿಶ್ರಣ ಅಂತಲೇ ಹೆಸರು. ಇದರ ದೊಡ್ಡ ಉಪಕಾರ ಅಂದರೆ ಪ್ರಮಾಣ ಸಣ್ಣದಾಗುವುದು. ಮಾಮೂಲಿ ನಾವು ದನಕ್ಕೆ ಬಳಸುವ ಜೈಲಜಿನ್ ಎಂಎಲ್‌ಗೆ 20 ಮಿಲಿಗ್ರಾಂ, ಅದನ್ನು ತುಂಬಿಸಿದರೆ 500 ಮಿಲಿಗ್ರಾಂಗೆ 25 ಎಂಎಲ್ ಬೇಕು, ಅಂಥ ಡಾರ್ಟ್ ಹಾರುವುದಾದರೂ ಹೇಗೆ?

ಇಲ್ಲಿ ನನ್ನ ಅನುಭವ ನನಗೇ ಅಡ್ಡ ಬಂತು. ಜೈಲಜಿನ್‌ಗೆ ದನ ತುಂಬ ಸೂಕ್ಷ್ಮ, ಕುದುರೆಗೆ ಬೇಕಾದ್ದರ ಹತ್ತರಲ್ಲಿ ಒಂದು ಪಾಲು ಸಾಕು. ನಾನು ಕೊಂಬು ತೆಗೆಯುವಾಗ, ಗೊರಸು ಕೆತ್ತುವಾಗ ಕೊಡುವ ಲೆಕ್ಕ ತಲೆಯಲ್ಲಿತ್ತು. ಕಾಟಿಯೂ ದನದ ಜಾತಿಯೇ ಅಲ್ವಾ, ಇಷ್ಟು ಯಾಕೆ, ಅರ್ಧ ಬಾಟಲಿ ಸಾಕಲ್ಲ ಅಂತ ಕೇಳಿದೆ. ಅವರು ವಿವರಿಸಿದರು: ಕೊಟ್ಟಿಗೆಯ ದನ ಮನುಷ್ಯನನ್ನು ನೋಡಿ ಹೆದರುವುದಿಲ್ಲ, ಅದಕ್ಕೇ ಅಷ್ಟು ಕಡಿಮೆ ಸಾಕು. ಕಾಡಿನದ್ದಕ್ಕೆ ಕಡಿಮೆ ಕೊಟ್ಟರೆ ಅದು ಅರೆ ಮಂಪರಿನಲ್ಲಿ ಓಡುತ್ತದೆ, ಬೀಳುತ್ತದೆ, ಮೈ ಕಾಯುತ್ತದೆ. ಕಡಿಮೆ ಮದ್ದು ಸುರಕ್ಷಿತ ಅನ್ನುವುದು ಇಲ್ಲಿ ತಲೆಕೆಳಗು. ನನಗೆ ಇದು ಹೊಸ ಪಾಠ.

ಒಂದು ಬಾಟಲಿ ಪೂರ್ತಿ ತುಂಬಿಸುವುದು ಅಂತ ಆಯಿತು. ಈ ಅಂಕಿ ಆ ಪ್ರಾಣಿಗೆ, ಆ ಬೆಳಿಗ್ಗೆಗೆ. ಯಾರೂ ಇದನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗಬಾರದು.

ಇನ್ನೊಂದು ಚಿಂತೆ, ಅದು ಗಬ್ಬ ಇದೆಯೋ ಏನೋ. ಜೈಲಜಿನ್ ಗರ್ಭಕೋಶವನ್ನು ಹಿಂಡಿಸುತ್ತದೆ, ದಿನ ತುಂಬಿದ ದನಕ್ಕೆ ನಾವು ಕೊಡುವುದಿಲ್ಲ. ಕೆಚ್ಚಲು ಇಳಿದಿರಲಿಲ್ಲ, ಹೊಟ್ಟೆಯ ಕೆಳಬದಿ ತುಂಬಿರಲಿಲ್ಲ. ಇದ್ದರೂ ಮೊದಲ ತಿಂಗಳುಗಳು ಅಂತ ಧೈರ್ಯ ಮಾಡಿದೆವು.

ಬುಧವಾರ ಬೆಳಿಗ್ಗೆ

ಐದೂಮುಕ್ಕಾಲಿಗೆ ನಾವು ಒಂಬತ್ತು ಜನ ಮಾತ್ರ ತೋಟದೊಳಗೆ. ತಂಪಿತ್ತು. ಕಾಟಿ ಮಧ್ಯದ ಮೆಟ್ಟಿಲಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಮೆಲುಕು ನೋಡಿ ವೈದ್ಯೆಯ ಮುಖ ಅರಳಿತು. ಹೆದರಿದ ಪ್ರಾಣಿ ಮೆಲುಕು ಹಾಕುವುದಿಲ್ಲ.

6:25. ಪಂಪು ಶೆಡ್ಡಿನ ಮರೆಯಿಂದ, 25 ಮೀಟರ್. ಅದು ಎದ್ದು ನಿಂತ ಮೇಲೆ ಎಡಗಡೆ ಚಪ್ಪೆಗೆ ಡಾರ್ಟ್. ಡಾರ್ಟಿನ ಉಳಿದ ಜಾಗಕ್ಕೆ ಶುದ್ಧ ನೀರು ತುಂಬಿಸಿದ್ದರು, ಒಳಗೆ ಮದ್ದು ಅಲ್ಲಾಡಿದರೆ ಗುರಿ ತಪ್ಪುತ್ತದೆ. ಕಾಟಿ ಹಾರಿ ಬಿತ್ತು, ಅರುವತ್ತು ಹೆಜ್ಜೆ ಕುಂಟಿಕೊಂಡು ಹೋಗಿ ನಿಂತಿತು. ಯಾರೂ ಹಿಂದೆ ಹೋಗಲಿಲ್ಲ.

6:33. ತಲೆ ಇಳಿಯಿತು. ಜೊಲ್ಲು. ಹಿಂಗಾಲು ಅಡ್ಡ ಬಿತ್ತು.

6:40. ನಿಂತೇ ಇದೆ, ತೂಗುತ್ತಿದೆ. ಹಗ್ಗ ಹಿಡಿದವರಿಗೆ ಹತ್ತಿರ ಹೋಗುವ ಅವಸರ. ಅಷ್ಟರಲ್ಲಿ ಒಬ್ಬರ ಮೊಬೈಲು ಜೋರಾಗಿ ಬಡಿದುಕೊಂಡಿತು. ಎಲ್ಲರಿಗೂ ಸೈಲೆಂಟ್ ಮಾಡಿ ಅಂತ ಹೇಳಿದ್ದೆವು, ಅವರಿಗೆ ಮರೆತಿತ್ತು. ಕಾಟಿ ತಲೆ ಎತ್ತಿತು, ಕಿವಿ ನಿಮಿರಿತು, ಕೆಳಗಿನ ಮೆಟ್ಟಿಲಿಗೆ ಇಳಿದು ಇಪ್ಪತ್ತು ಮೀಟರ್ ನಡೆಯಿತು. ಪ್ಲಾಸ್ಟಿಕ್ ಕೆರೆಯ ಸೋಗೆಯ ರಾಶಿ ನೋಡಿ ತಿರುಗಿ ನಿಂತಿತು. ಒಂದು ಮೊಬೈಲು ಸದ್ದಿಗೆ ಹದಿನೈದು ನಿಮಿಷದ ಮಂಪರು ಅರ್ಧ ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ.

6:44. ಎರಡನೇ ಡಾರ್ಟ್, ಅರ್ಧ ಪ್ರಮಾಣ.

6:52. ಮುಂಗಾಲು ಮಡಚಿ ಕೂತಿತು. ಇಳಿಜಾರಿನಲ್ಲಿ, ತಲೆ ಕೆಳಕ್ಕೆ.

ಇನ್ನೂ ಐದು ನಿಮಿಷ ಕಾದೆವು. ಉದ್ದದ ಬಿದಿರಿನಿಂದ ಕಿವಿ ಮುಟ್ಟಿದರು, ಅಲ್ಲಾಡಲಿಲ್ಲ. 6:57ಕ್ಕೆ ಹಿಂದಿನಿಂದ ಹತ್ತಿರ ಹೋದೆವು. ಕಣ್ಣಿಗೆ ಭಟ್ಟರ ಬೈರಾಸು ಕಟ್ಟಿದೆವು, ಕಿವಿಗೆ ಹತ್ತಿ. ಕೆಟಮಿನ್ ಕೊಟ್ಟರೆ ಕಣ್ಣು ತೆರೆದೇ ಇರುತ್ತದೆ, ಒಣಗದ ಹಾಗೆ ಮುಲಾಮು ಹಾಕಿದರು.

ತಪ್ಪಿದ್ದು ಇಲ್ಲಿ

ತಂತಿ ನೋಡುವ ಅವಸರದಲ್ಲಿ ನಾನು ಸೀದಾ ಕಾಲಿಗೆ ಹೋದೆ. ತಲೆ ಕೆಳಗಿದೆ ಅನ್ನುವುದನ್ನು ಮೊದಲು ಸರಿ ಮಾಡಬೇಕಿತ್ತು. ಎರಡು ನಿಮಿಷದಲ್ಲಿ ಬಾಯಿಂದ, ಮೂಗಿನಿಂದ ಹಸಿರು ನೀರು ಇಳಿಯಿತು. ಹೊಟ್ಟೆಯೊಳಗಿನ ಹುಲ್ಲಿನ ರಸ. ಆಸ್ಪತ್ರೆಯಲ್ಲಿ ದನಕ್ಕೆ ದೊಡ್ಡ ಮಂಪರು ಕೊಡುವ ಮೊದಲು ಒಂದು ದಿನ ಹಸಿವು ಹಾಕುತ್ತೇವೆ. ಇದು ರಾತ್ರಿಯಿಡೀ ತೋಟದ ಹುಲ್ಲು ಮೇದ ಪ್ರಾಣಿ. ಆ ರಸ ಶ್ವಾಸಕೋಶಕ್ಕೆ ಹೋದರೆ ವಾರದೊಳಗೆ ನ್ಯುಮೋನಿಯಾ.

ವೈದ್ಯೆ ಕೂಗಲಿಲ್ಲ, "ಸರ್, ಮೊದಲು ತಲೆ" ಅಂದರು, ಅಷ್ಟೇ. ಗೋಣಿ ಚೀಲ ಅಡಿಗೆ ತೂರಿಸಿ, ಆರು ಜನ ಎಳೆದು, ತಿರುಗಿಸಿ, ತಲೆ ಗುಡ್ಡೆಯ ಕಡೆಗೆ ತಂದೆವು. ಎದೆಯ ಮೇಲೆ ಕೂರಿಸಿ ಎರಡೂ ಬದಿಗೆ ಅಡಿಕೆ ಹಾಳೆಯ ಕಟ್ಟು ಒತ್ತು ಕೊಟ್ಟೆವು. ಗೋಣಿಯ ದಿಂಬಿನ ಮೇಲೆ ಕುತ್ತಿಗೆ ಎತ್ತರಕ್ಕೆ, ಮೂಗು ಮಾತ್ರ ಕೆಳಕ್ಕೆ, ಜೊಲ್ಲು ಹೊರಗೆ ಹರಿಯುವ ಹಾಗೆ. ಒಬ್ಬ ಹುಡುಗನಿಗೆ ಆ ತಲೆ ಹಿಡಿಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಅವನು ಮೂವತ್ತು ನಿಮಿಷ ಹಾಗೇ ಹಿಡಿದ.

ನಾಲಿಗೆಗೆ ಆಕ್ಸಿಮೀಟರ್ ಕಚ್ಚಿಸಿದಾಗ 84 ತೋರಿಸಿತು. 90ರ ಕೆಳಗೆ ಹೋದರೆ ಯೋಚಿಸಬೇಕು. ಜೈಲಜಿನ್‌ನ ಗುಣವೇ ಅದು, ಉಸಿರು ಮತ್ತು ಎದೆಬಡಿತ ಎರಡನ್ನೂ ತಗ್ಗಿಸುತ್ತದೆ. ಮೇಲಿನಿಂದ ಗಾಳಿ ತುಂಬಿದ ಹೊಟ್ಟೆ ಎದೆಯನ್ನು ಒತ್ತುತ್ತದೆ. ಮೂಗಿಗೆ ನಳಿಕೆ ಹಾಕಿ ಸಣ್ಣ ಸಿಲಿಂಡರಿನಿಂದ ಆಮ್ಲಜನಕ ಬಿಟ್ಟರು. ಐದು ನಿಮಿಷಕ್ಕೆ 92. ಆ ಸಿಲಿಂಡರನ್ನು ಹಿಂದಿನ ರಾತ್ರಿ ಹೊತ್ತು ತಂದದ್ದಕ್ಕೆ ತಂಡದವರು ಗೊಣಗಿದ್ದರು, ಅದು ಇಲ್ಲದಿದ್ದರೆ ಈ ಬರಹ ಬೇರೆ ಇರುತ್ತಿತ್ತು.

ಮೈಬಿಸಿ 104.4. ದನಕ್ಕೆ 101.5 ಮಾಮೂಲಿ. ಏಳು ನಿಮಿಷ ಕಳೆದು ನೋಡಿದರೆ 105.3. ಮಂಪರಿನಲ್ಲಿ ಮೈ ತನ್ನ ಬಿಸಿಯನ್ನು ತಾನೇ ಸಂಭಾಳಿಸುವುದಿಲ್ಲ. 106 ದಾಟಿದರೆ ಎಲ್ಲ ಬಿಟ್ಟು ತಣಿಸಬೇಕು, ಆಗಲೂ ಆಗದಿದ್ದರೆ ಎಬ್ಬಿಸಬೇಕು ಅಂತ ಮೊದಲೇ ಮಾತಾಗಿತ್ತು. ಭಟ್ಟರ ಮಗ ಸುರಂಗದ ಪೈಪನ್ನು ಎಳೆದು ತಂದ. ಸುರಂಗದ ನೀರು ಯಾವ ಬೇಸಿಗೆಯಲ್ಲೂ ತಣ್ಣಗೆ. ತೊಡೆಯ ಸಂದಿ, ಹೊಟ್ಟೆಯ ಕೆಳಗೆ, ಕುತ್ತಿಗೆಗೆ ಬಿಟ್ಟೆವು. 104.8ಕ್ಕೆ ಇಳಿದು ನಿಂತಿತು. ಇದೇ ಕೆಲಸವನ್ನು ಹಿಂದಿನ ದಿನ ಮೂರು ಗಂಟೆಯ ಬಿಸಿಲಿನಲ್ಲಿ ಮಾಡಿದ್ದರೆ ಬಿಸಿ ಎಲ್ಲಿಂದ ಶುರುವಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಇಷ್ಟರ ನಡುವೆ ತಂತಿ. ದ್ವಿಚಕ್ರ ವಾಹನದ ಕ್ಲಚ್ ಕೇಬಲ್. ಎರಡು ಸುತ್ತು, ಊದಿದ ಮಾಂಸದೊಳಗೆ ಅರ್ಧ ಇಂಚು ಆಳಕ್ಕೆ. ಕಟ್ಟರ್ ಬಾಯಿ ತೂರಿಸಲು ಜಾಗ ಇಲ್ಲ. ಹನ್ನೊಂದು ನಿಮಿಷ ಹಿಡಿಯಿತು. ಚರ್ಮ ಮುಕ್ಕಾಲು ಸುತ್ತು ಹೋಗಿತ್ತು, ಆದರೆ ಸ್ನಾಯುರಜ್ಜು ತುಂಡಾಗಿರಲಿಲ್ಲ, ಎಲುಬಿಗೆ ತಾಗಿರಲಿಲ್ಲ. ಹುಳ ತೆಗೆದು ತೊಳೆದೆವು, ಹಲವು ದಿನ ನಿಲ್ಲುವ ಆಂಟಿಬಯೋಟಿಕ್, ಹುಳಕ್ಕೆ ಐವರ್ಮೆಕ್ಟಿನ್, ಮಾಂಸಖಂಡಕ್ಕೆ ವಿಟಮಿನ್ ಇ ಮತ್ತು ಸೆಲೆನಿಯಂ. ನೋವಿಗೆ ಮೆಲಾಕ್ಸಿಕಾಮ್. ಬೇರೆ ಯಾವುದೋ ಅಲ್ಲ, ಮೆಲಾಕ್ಸಿಕಾಮೇ. ಡೈಕ್ಲೋಫೆನಾಕ್ ಕೊಟ್ಟ ಪ್ರಾಣಿ ಸತ್ತರೆ ಅದನ್ನು ತಿಂದ ರಣಹದ್ದು ಸಾಯುತ್ತದೆ. ಅದನ್ನು 2006ರಲ್ಲಿ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕನ್ನು 2023ರಲ್ಲಿ ಪಶುಗಳಿಗೆ ನಿಷೇಧ ಮಾಡಿದ್ದು ಅದಕ್ಕೇ.

ಎಬ್ಬಿಸುವ ಹೊತ್ತು

7:15ಕ್ಕೆ ಕೆಲಸ ಮುಗಿಯಿತು. ಎಡ ಪಕ್ಕೆ ಡೋಲಿನ ಹಾಗೆ ಉಬ್ಬಿತ್ತು. ನಾನು ಈಗಲೇ ಎಬ್ಬಿಸಿ ಅಂದೆ. ಉಬ್ಬರ ಬಂದು ಸತ್ತ ದನಗಳನ್ನು ನೋಡಿದವನು ನಾನು, ಕೈ ನಡುಗುತ್ತಿತ್ತು. ವೈದ್ಯೆ ಬೇಡ ಅಂದರು.

ಕಾರಣ ಇದು. ಎಬ್ಬಿಸಲು ಕೊಡುವ ಯೋಹಿಂಬಿನ್ ಜೈಲಜಿನ್ ಅನ್ನು ಮಾತ್ರ ಇಳಿಸುತ್ತದೆ. ಕೆಟಮಿನ್‌ಗೆ ಪ್ರತಿಮದ್ದು ಇಲ್ಲ, ಮೈಯೇ ಅದನ್ನು ಕರಗಿಸಬೇಕು. ಎರಡನೇ ಡಾರ್ಟ್ ಬಿದ್ದು ಆಗ 31 ನಿಮಿಷ. ಈಗ ಜೈಲಜಿನ್ ತೆಗೆದರೆ ಉಳಿಯುವುದು ಬರೀ ಕೆಟಮಿನ್, ಅಂದರೆ ಸೆಟೆತ, ಕಾಲು ನಿಲ್ಲದೆ ಒದ್ದಾಟ, ಈ ಇಳಿಜಾರಿನಲ್ಲಿ ಉರುಳುವುದು. ನಲವತ್ತು ನಿಮಿಷವಾದರೂ ದಾಟಲಿ ಅಂದರು. ಅಷ್ಟರವರೆಗೆ ಮುಂಭಾಗವನ್ನು ಇನ್ನೂ ಎತ್ತರಕ್ಕೆ ಮಾಡಿ, ಇಬ್ಬರು ಎಡ ಪಕ್ಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ಬಿಟ್ಟೆವು. 7:19ಕ್ಕೆ ಒಂದು ದೊಡ್ಡ ತೇಗು ಬಂತು. ಆ ಕೆಟ್ಟ ವಾಸನೆಗೆ ಎಲ್ಲರೂ ನಕ್ಕದ್ದು ನನಗೆ ಈಗಲೂ ನೆನಪಿದೆ, ಮುಖ್ಯವಾಗಿ ಯಾಕೆಂದರೆ ಅಲ್ಲಿಯವರೆಗೆ ಯಾರೂ ಸರಿಯಾಗಿ ಉಸಿರೇ ಬಿಟ್ಟಿರಲಿಲ್ಲ.

7:26. ಕುತ್ತಿಗೆಯ ರಕ್ತನಾಳಕ್ಕೆ ಯೋಹಿಂಬಿನ್. ಅದಕ್ಕೆ ಮೊದಲೇ ಹಗ್ಗ, ಗೋಣಿ, ಸಿಲಿಂಡರ್, ಜನ ಎಲ್ಲ ತೆರವು. ಚುಚ್ಚಿದ ಮೇಲೆ ಬೈರಾಸು ಎಳೆದುಕೊಂಡು ಅವರು ಮೇಲಿನ ಮೆಟ್ಟಿಲಿಗೆ ಬಂದರು.

7:29ಕ್ಕೆ ಕಿವಿ ಅಲ್ಲಾಡಿತು. 7:31ಕ್ಕೆ ಎದ್ದಿತು. ನಾಲ್ಕು ನಿಮಿಷ ನಿಂತಲ್ಲೇ ನಿಂತಿತ್ತು. ಆಮೇಲೆ ಮೂತ್ರ ಮಾಡಿತು, ತುಂಬ ಹೊತ್ತು. ಜೈಲಜಿನ್ ಮೂತ್ರ ಜಾಸ್ತಿ ಮಾಡುತ್ತದೆ, ಅದು ಗೊತ್ತಿದ್ದದ್ದೇ. ನಾವಿಬ್ಬರೂ ದುರ್ಬೀನಿನಲ್ಲಿ ನೋಡಿದ್ದು ಬಣ್ಣವನ್ನು. ತಿಳಿ ಹಳದಿ. ನನ್ನ ಕಣ್ಣು ತುಂಬಿತು, ಹೇಳಲು ಸಂಕೋಚ ಇಲ್ಲ.

ಎಡಗಾಲನ್ನು ಒಮ್ಮೆ ನೆಲಕ್ಕೆ ಊರಿತು, ಎತ್ತಿತು, ಮತ್ತೆ ಊರಿತು. ಗೇರು ಗುಡ್ಡೆಯ ದಾರಿ ಹಿಡಿದು ಹೋಯಿತು.

ಆಮೇಲೆ

ಎದ್ದು ಹೋದದ್ದು ಕೊನೆ ಅಲ್ಲ ಅಂತ ಆ ಕಡವೆ ಕಲಿಸಿತ್ತು. ಹಾಗಾಗಿ ಒಂದು ತಿಂಗಳು ಹಿಂದೆ ಬಿದ್ದೆವು. ಅರಣ್ಯ ಇಲಾಖೆಯ ಬೀಟ್ ಆಫೀಸರ್ ದಿನಾ ಹೆಜ್ಜೆ ನೋಡಿದರು. ಮೂರನೇ ದಿನ ತೋಡಿನ ಹೂಳಿನಲ್ಲಿ ನಾಲ್ಕು ಕಾಲಿನ ಗುರುತೂ ಸಿಕ್ಕಿತು, ಎಡ ಮುಂಗಾಲಿನದು ಮಾತ್ರ ಹಗುರ. ಹನ್ನೆರಡನೇ ದಿನ ಭಟ್ಟರೇ ನೋಡಿದರು, ಹಿಂಡಿನ ಕೊನೆಯಲ್ಲಿ ಕುಂಟಿಕೊಂಡು ಮೇಯುತ್ತಿತ್ತಂತೆ. ಏಪ್ರಿಲ್ ಮೂರನೇ ವಾರ ಇಲಾಖೆಯ ಕ್ಯಾಮೆರಾದಲ್ಲಿ ಸಿಕ್ಕಿತು. ಗಾಯದ ಸುತ್ತ ಕೂದಲಿಲ್ಲದ ಬಿಳಿ ಉಂಗುರ. ಕೆಮ್ಮಿನ, ಸೊರಗಿದ ಲಕ್ಷಣ ಇಲ್ಲ. ಮಳೆ ಶುರುವಾದ ಮೇಲೆ ಹಿಂಡು ಮೇಲಿನ ಕಾಡಿಗೆ ಹೋಯಿತು.

ವೈದ್ಯೆಯ ಜೊತೆ ಕೂತು ಪುಸ್ತಕ ತಿರುವಿದಾಗ ಮೂರು ಬದಲಾವಣೆ ಬರೆದುಕೊಂಡೆವು. ತೋಟದೊಳಗೆ ಹೋಗುವವರ ಮೊಬೈಲನ್ನು ಒಂದು ಬುಟ್ಟಿಗೆ ಹಾಕಿಸಿ ಹೊರಗೆ ಇಡುವುದು, ಬಾಯಿಮಾತಿನಲ್ಲಿ ಬಿಡುವುದಲ್ಲ. ಪ್ರಾಣಿಯ ತಲೆಗೆ ಒಬ್ಬರನ್ನು ಮೊದಲೇ ಹೆಸರಿಸುವುದು, ಹತ್ತಿರ ಹೋದ ಕೂಡಲೇ ಬೇರೆ ಏನನ್ನೂ ನೋಡದೆ ಅವರು ತಲೆಗೆ ಹೋಗಬೇಕು. ಮತ್ತು ಇಳಿಜಾರಿನ ತೋಟದಲ್ಲಿ ಸಾಧ್ಯವಾದಷ್ಟು ಮೆಟ್ಟಿಲಿನ ಮಟ್ಟಸ ಜಾಗದ ಒಳಬದಿಯಲ್ಲಿ ಪ್ರಾಣಿ ಇರುವಾಗಲೇ ಡಾರ್ಟ್ ಹಾಕುವುದು, ಅದಕ್ಕೆ ಅರ್ಧ ಗಂಟೆ ಜಾಸ್ತಿ ಕಾಯಬೇಕಾದರೂ ಸರಿ.

ಉರುಳು ಇಟ್ಟವರು ಯಾರು ಅಂತ ಗೊತ್ತಾಗಲಿಲ್ಲ. ಕಾಟಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಶಿಕ್ಷೆ ಮೂರರಿಂದ ಏಳು ವರ್ಷ. ಹಂದಿ ಕಾಟದಲ್ಲಿ ಕೃಷಿಕರು ಎಷ್ಟು ಕಳೆದುಕೊಳ್ಳುತ್ತಾರೆ ಅಂತ ನನಗೂ ಗೊತ್ತು, ನನ್ನ ಮನೆಯ ಮರಗೆಣಸೂ ಉಳಿಯುವುದಿಲ್ಲ. ಆದರೆ ಉರುಳಿಗೆ ಹಂದಿ ಯಾವುದು, ಕಾಟಿ ಯಾವುದು ಅಂತ ತಿಳಿಯುವುದಿಲ್ಲ.

ಮುಂದಿನ ಭಾನುವಾರ ಭಟ್ಟರ ಮಗ, ಆ ತಲೆ ಹಿಡಿದ ಹುಡುಗ, ಬೀಟ್ ಆಫೀಸರ್ ಮತ್ತು ನಾನು ಗೇರು ಗುಡ್ಡೆ, ರಬ್ಬರ್ ತೋಟದ ಬೇಲಿ ಉದ್ದಕ್ಕೂ ನಡೆದೆವು. ಏಳು ಉರುಳು ಸಿಕ್ಕಿತು, ಎಲ್ಲವೂ ಅದೇ ಕ್ಲಚ್ ಕೇಬಲ್. ಆರು ಖಾಲಿ ಇತ್ತು. ಏಳನೆಯದರಲ್ಲಿ ಒಂದು ಬರಿಂಕ, ಅಂದರೆ ಜಿಂಕೆಯ ಹಾಗೆ ಕಾಣುವ ಪುಟ್ಟ ಕೂರ, ಇತ್ತು, ಸತ್ತು ಎರಡು ದಿನ ಆಗಿರಬೇಕು. ಹುಡುಗ ಅದರ ಕಾಲಿನಿಂದ ತಂತಿ ಬಿಡಿಸಿ, ಗೇರು ಮರದ ಬುಡದಲ್ಲಿ ಮಣ್ಣು ಮಾಡಿದ.